ಭಾಷಾ ಲ್ಯಾಬಿನಲ್ಲಿ ಹಕಾರದ ಗಲಾಟೆ

ಮಂಡ್ಯದ ನಮ್ಮ ಸ್ನಾತಕೋತ್ತರ ಕೇಂದ್ರದ ಕನ್ನಡ ವಿಭಾಗಕ್ಕೆ ಭಾಷಾ ಲ್ಯಾಬು ಬಂದಾಗಿನಿಂದ ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯದಂಥ ಫಜೀತಿಗಳಿಗೆ ಬರವೇ ಇಲ್ಲ. ಸಾಲಾಗಿ ಕಂಪ್ಯೂಟರು, ಗೋಡೆಯಗಲ ಪರದೆ, ಮಾತಾಡಿದ್ದನ್ನೆಲ್ಲ ಅಕ್ಷರ ಮಾಡಿ ತೋರಿಸುವ ತಂತ್ರಾಂಶ. ಇದನ್ನೆಲ್ಲ ನಡೆಸುವ ಅತಿಥಿ ಉಪನ್ಯಾಸಕಿ ನಾನು. ತಿಂಗಳ ಕೊನೆಗೆ ವಿಶ್ವವಿದ್ಯಾಲಯದ ತಂಡ ಬಂದು ನೋಡುತ್ತದೆ, ಮೆಚ್ಚಿದರೆ ಲ್ಯಾಬೂ ಉಳಿಯುತ್ತದೆ, ನಿಮ್ಮ ಕೆಲಸವೂ ಉಳಿಯುತ್ತದೆ, ಇಲ್ಲದಿದ್ದರೆ ಎರಡಕ್ಕೂ ಬೀಗ ಎಂದು ಮುಖ್ಯಸ್ಥರು ಹೇಳಿಬಿಟ್ಟರು. ಅವತ್ತಿನಿಂದ ನಾನು ಲ್ಯಾಬಿನಲ್ಲೇ ಬೀಡುಬಿಟ್ಟೆ.

ಆಡು

ಬೆಳಕವಾಡಿಯ ಹುಡುಗಿಯೊಬ್ಬಳಿದ್ದಾಳೆ. ಕಂಠ ಅಂದರೆ ಕಂಠ, ಮೈಕೇ ಬೇಡ. ಆದರೂ ಜನಪದದ ಪಾಠಕ್ಕೆ ಅವಳ ಕೈಗೆ ಮೈಕು ಕೊಟ್ಟೆ. "ನಾನೊಂದು ಆಡು ಏಳ್ತೀನಿ" ಅಂದಳು. ಪರದೆಯ ಮೇಲೆ "ನಾನೊಂದು ಆಡು" ಎಂದಷ್ಟೇ ಬಂದು ನಿಂತಿತು. ತರಗತಿಯೆಲ್ಲ ಮೇಕೆ ಥರ ಕೂಗಿತು.

ಹಕಾರ ಎಲ್ಲಿ ನುಂಗಿದೆಯೇ ಎಂದು ರೇಗಿದೆ. ಅವಳು ತಣ್ಣಗೆ, "ನಾನು ಸರ್ಯಾಗೇ ಏಳಿದ್ದೀನಿ ಮೇಡಂ, ಅದುಕ್ಕೇ ಕಿವಿ ಮಂದ" ಅಂದಳು. ನಾನು ಮದ್ದೂರಿನವಳು, ಸಿಟ್ಟು ಬಂದರೆ ನನ್ನ ಹಕಾರವೂ ಊರು ಸೇರುತ್ತದೆ. "ಎದುರು ಮಾತಾಡ್ಬ್ಯಾಡ, ಏಳ್ದಷ್ಟು ಮಾಡು" ಅಂದುಬಿಟ್ಟೆ. ಆ ಹಾಳು ಪರದೆ ಅದನ್ನೂ ಬರೆಯಿತು.

ಪ್ರಶ್ನೋತ್ತರ

ಒಂದು ದಿನ ಬಸ್ಸಿರಲಿಲ್ಲ, ಮೊಬೈಲಿನಲ್ಲೇ ಪಾಠ. ಮುಖ್ಯಸ್ಥರೂ ನೋಡುತ್ತೇನೆಂದು ಸೇರಿಕೊಂಡಿದ್ದರು. ನಾನು ಮೈಯೆಲ್ಲ ಬಿಗಿ ಹಿಡಿದು ಷಟ್ಪದಿಯ ಲಕ್ಷಣ ಹೇಳುತ್ತಿದ್ದೆ, ಕೆಳಗೆ ಅಕ್ಷರಗಳು ಮೂಡುತ್ತಿದ್ದವು. ನಿಡಘಟ್ಟದ ಹುಡುಗ ತನ್ನ ಮೈಕು ಆರಿಸಲು ಮರೆತಿದ್ದ. ಅವನ ಅವ್ವ ಹಿಂದಿನಿಂದ ಕೇಳಿದ್ದು ನನ್ನ ಷಟ್ಪದಿಯ ನಡುವೆ ದಪ್ಪಕ್ಷರದಲ್ಲಿ ಬಂತು: "ಆಯಮ್ಮ ಇನ್ನೂ ಎಷ್ಟೊತ್ತು ಬಡ್ಕೊತಾಳಪ್ಪ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಖ್ಯಸ್ಥರು ಗಡಿಯಾರ ನೋಡಿಕೊಂಡು, ಒಳ್ಳೆಯ ಪ್ರಶ್ನೆ, ಉತ್ತರ ಕೊಡಿ ಅಂದರು.

ಹಿಡ್ಲಿ

ತಂಡ ಬರಲು ಒಂದೇ ವಾರ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಉಸಿರು ತಾಗುವಂತೆ "ಹ" ಅನ್ನಿಸಿ ಅನ್ನಿಸಿ ಹುಡುಗರ ಜೀವ ತಿಂದೆ. ತಿಂದದ್ದು ಜಾಸ್ತಿಯೇ ಆಯಿತು. ಕ್ಯಾಂಟೀನಿನವನು ನನ್ನನ್ನು ಅಡ್ಡಹಾಕಿ, ನಿಮ್ಮ ಹುಡುಗರಿಗೆ ಏನು ಕಲಿಸಿದ್ದೀರಿ, ಬೆಳಗ್ಗೆಯಿಂದ ಎಲ್ಲರೂ "ಹೆರಡು ಹಿಡ್ಲಿ" ಕೇಳುತ್ತಿದ್ದಾರೆ, ಅಂಥ ತಿಂಡಿ ನಾನು ಮಾಡುವುದಿಲ್ಲ ಎಂದು ಜಗಳಕ್ಕೇ ನಿಂತ. ಎಲ್ಲ ಸರಿಹೋಗುತ್ತದೆ ಎಂದೆ.

ಆಸನ

ಆ ದಿನ ಬಂತು. ತಂಡದ ಅಧ್ಯಕ್ಷೆ ಬೆಳಗ್ಗೆಯಿಂದ ಒಮ್ಮೆಯೂ ನಕ್ಕಿರಲಿಲ್ಲ. ಆಡಿದ ನಾಲ್ಕು ಮಾತೂ ಅಚ್ಚುಕಟ್ಟಾದ ಪುಸ್ತಕದ ಕನ್ನಡ. ಸ್ವಾಗತಕ್ಕೆ ಬೆಳಕವಾಡಿಯ ಹುಡುಗಿಯನ್ನೇ ನಿಲ್ಲಿಸಿದ್ದೆ. ಗಣ್ಯರು ಆಸನದತ್ತ ಸಾಗಬೇಕು ಎಂದು ನಾನೇ ಬರೆದುಕೊಟ್ಟಿದ್ದ ಸಾಲು. ಅವಳು ನನ್ನತ್ತ ನೋಡಿ, ಅಂಗೈ ಬಾಯಿಯ ಮುಂದೆ ಹಿಡಿದು, ಕಲಿಸಿದ ಉಸಿರನ್ನೆಲ್ಲ ಸೇರಿಸಿ ಹೇಳಿದಳು. ಗೋಡೆಯಗಲ ಪರದೆಯಲ್ಲಿ ಮೂಡಿತು: "ಗಣ್ಯರೆಲ್ಲ ದಯವಿಟ್ಟು ಹಾಸನದತ್ತ ಸಾಗಬೇಕು."

ಬಂದವರನ್ನು ಬಾಗಿಲಲ್ಲೇ ಹಾಸನಕ್ಕೆ ಕಳಿಸಿದ್ದೆವು. ಮುಖ್ಯಸ್ಥರು ಬೆವರು ಒರೆಸಿಕೊಂಡರು. ಅಧ್ಯಕ್ಷೆ ಮುಂದೆ ಬಂದು ಹುಡುಗಿಯ ಕೈಯಿಂದ ಮೈಕು ತೆಗೆದುಕೊಂಡರು. ನನ್ನ ಕೆಲಸ ಇಲ್ಲಿಗೆ ಮುಗಿಯಿತು, ನಾಳೆಯಿಂದ ಮನೆಯಲ್ಲಿ ಸೊಪ್ಪು ಬಿಡಿಸುವುದೇ ಎಂದುಕೊಂಡೆ. ನೋಡಿದರೆ ಅವರ ಹೆಗಲು ಕುಲುಕುತ್ತಿತ್ತು. ತಡೆಯಲಾರದೆ ನಕ್ಕುಬಿಟ್ಟರು. ನಗು ಬಂದದ್ದೇ ತಡ, ಪುಸ್ತಕದ ಕನ್ನಡವೂ ಎತ್ತಲೋ ಹೋಯಿತು.

"ಅದು ನಮ್ಮೂರೇ ಕಣಮ್ಮ. ಆಸನಕ್ಕೆ ಸಂಜೆ ಓಯ್ತೀನಿ, ಈಗ ಕೂತ್ಕತೀನಿ ಬುಡು."

ಈ ಲ್ಯಾಬು ಮುಚ್ಚಕೂಡದು, ಈ ಮೇಡಂ ಇಲ್ಲೇ ಇರಲಿ ಎಂದು ಅಲ್ಲೇ ಹೇಳಿದರು. ಹೋದ ಜೀವ ಬಂದಂತಾಗಿ ನಾನು ಕುರ್ಚಿಗೆ ಒರಗಿದೆ. ಅಷ್ಟರಲ್ಲಿ ಬೆಳಕವಾಡಿಯವಳು ಓಡಿಬಂದು ನನ್ನ ತೋಳು ಜಗ್ಗಿ ಪರದೆ ತೋರಿಸಿದಳು. ಅಧ್ಯಕ್ಷೆಯ ಮಾತು ಅಲ್ಲಿ ಹಾಗೇ ನಿಂತಿತ್ತು, "ಆಸನಕ್ಕೆ" ಎಂದು, ಒಂದು ಅಕ್ಷರವೂ ತಪ್ಪಿಲ್ಲದೆ.

"ನೋಡಿ ಮೇಡಂ," ಅಂದಳು, "ಅವ್ರಿಗೆ ಎಂಗೆ ಸರ್ಯಾಗ್ ಬಂತು. ಕಲಿಸಿದ್ರೆ ಅಂಗೆ ಕಲಿಸ್ಬೇಕು."