ಟ್ರಾಲಿಯ ಮೇಲೆ ಸೂರ್ಯ

ಗಂಡನ ಅಂತ್ಯಕ್ರಿಯೆ ಮುಗಿದು, ನೆಂಟರೆಲ್ಲ ಊರಿಗೆ ಹೊರಟು, ಮನೆ ಮತ್ತೆ ಮನೆಯಂತಾದ ಮೊದಲ ಬೆಳಿಗ್ಗೆ ತಾರಾಲಯದ ಟಿಕೆಟ್ ಗುಮಾಸ್ತ ಬಾಗಿಲಲ್ಲಿ ನಿಂತಿದ್ದ. ತಪ್ಪು ಸ್ಟಾಪಿನಲ್ಲಿ ಇಳಿದವನ ಮುಖ ಹೊತ್ತು ಅವಳ ಅತ್ತೆಯ ಮಂಡಿನೋವು ವಿಚಾರಿಸಿದ. ಬಿಸಿಲು ಜಾಸ್ತಿ ಎಂದ. ಕೊನೆಗೆ ತನ್ನ ಚಪ್ಪಲಿ ನೋಡುತ್ತ ವಿಷಯಕ್ಕೆ ಬಂದ.

"ಅರ್ಜೆಂಟೇನಿಲ್ಲ ಮೇಡಂ. ಕ್ಯಾಂಟೀನಿಂದ ಅವ್ರು ತಂದಿದ್ರಲ್ಲ, ಅದು... ಟೀಗೆ ಸ್ವಲ್ಪ ಕಷ್ಟ ಆಗಿದೆ."

ಸಾವಾದ ಮನೆಯಲ್ಲಿ ನಿಂತು ಸಾಮಾನಿನ ಹೆಸರು ಹೇಳಲು ಅವನಿಗೆ ನಾಲಿಗೆ ಏಳಲಿಲ್ಲ. ಅವಳೂ ಕೇಳಲಿಲ್ಲ. ಕೇಳುವುದೇನು, ನಡುಮನೆಯಲ್ಲಿ ಟೀ ಟ್ರಾಲಿ ನಿಂತೇ ಇತ್ತು.

ಅದರ ಮೇಲೆ ಗಂಡ ಕಟ್ಟಿದ ಸೌರಮಂಡಲ. ಅವನು ತಾರಾಲಯದಲ್ಲಿ ವಿವರಣೆ ಕೊಡುತ್ತಿದ್ದವನು. ಮಕ್ಕಳು ಸೂರ್ಯನನ್ನು ಗೋಡೆಗೆ ಹೊಡೆದ ಮೊಳೆಯ ಹಾಗೆ ಒಂದೇ ಕಡೆ ಬರೆದರೆ ಅವನಿಗೆ ಸಂಕಟ. ಅದಕ್ಕೇ ಈ ಯಂತ್ರ: ನಡುವೆ ಹಳದಿ ಕಾಗದ ಸುತ್ತಿದ ಸೂರ್ಯ, ಒಳಗೆ ಬಲ್ಬು, ಸುತ್ತ ತಂತಿಗಳ ತುದಿಯಲ್ಲಿ ಚೆಂಡು, ಗೋಲಿ, ಮಣಿ. ಹಳೆ ಟೇಬಲ್ ಫ್ಯಾನಿನ ಮೋಟಾರು ಅವನ್ನು ತಿರುಗಿಸುತ್ತಿತ್ತು. ಅವನು ಅಡಿಗೆಮನೆಯಿಂದ ಮಲಗುವ ಕೋಣೆಯವರೆಗೆ ಟ್ರಾಲಿ ತಳ್ಳಿದರೆ ಗ್ರಹಗಳ ನೆರಳು ಗೋಡೆಯ ಮೇಲೆ ಸುರುಳಿ ಸುರುಳಿಯಾಗಿ ಓಡುತ್ತಿತ್ತು. ವೈರು ಹಿಡಿದು ಹಿಂದೆ ಬರುವ ಕೆಲಸ ಅವಳದು.

ಎಲ್ಲಕ್ಕಿಂತ ಉದ್ದದ ತಂತಿಯ ತುದಿಯಲ್ಲಿ ಅವನ ಅಂಗಿಯ ಗುಂಡಿ. ಅದು ಸೌರಮಂಡಲ ದಾಟಿ ಹೋದ ನೌಕೆ.

"ನಮ್ಮನ್ನ ಬಿಟ್ಟು ಹೋಯ್ತು ಅಂತಾರೆ," ಎನ್ನುತ್ತಿದ್ದ. "ಎಲ್ಲಿಗೆ ಹೋಗತ್ತೆ? ಸೂರ್ಯ ಸೆಕೆಂಡಿಗೆ ಇನ್ನೂರು ಕಿಲೋಮೀಟರಿಗೂ ಜಾಸ್ತಿ ಓಡ್ತಾ ಆಕಾಶಗಂಗೆ ಸುತ್ತುತ್ತಾನೆ. ಅದೂ ನಮ್ಮ ಜೊತೇಲೇ ಸುತ್ತುತ್ತಿದೆ. ದೂರ ಆಗ್ತಿದೆ, ಅಷ್ಟೇ."

ಆಗ ಅವಳು, ಊಟ ಆರುತ್ತಿದೆ ಬಾ, ಎಂದಿದ್ದಳು.

ಗುಮಾಸ್ತ ಮೆಟ್ಟಿಲಿಳಿಯುವುದರೊಳಗೆ ಮಾತು ಕೇಳಿಸಿಕೊಂಡ ಕೆಳಮನೆಯ ಆಂಟಿ ಇಕ್ಕಳ ಹಿಡಿದು ಹತ್ತಿ ಬಂದರು. ತಂತಿ ಕತ್ತರಿಸಿ ಟ್ರಾಲಿ ಬಿಡಿಸುವುದು ಐದು ನಿಮಿಷದ ಕೆಲಸವಂತೆ. ಮೇಲ್ಮನೆಯ ಇನ್ಶೂರೆನ್ಸ್ ಏಜೆಂಟು ಗರಗಸ ತಂದರು. ಅತ್ತೆ ಸ್ಟೂಲು ಎಳೆದು, ಇಕ್ಕಳಕ್ಕೂ ಟ್ರಾಲಿಗೂ ನಡುವೆ ಕೂತುಬಿಟ್ಟರು.

ಪ್ರತಿ ತಂತಿಯನ್ನೂ ಅವನು ಮೂರು ಸುತ್ತು ಹೊಸೆದು ತುದಿಯನ್ನು ಒಳಗೆ ಮಡಚಿದ್ದ, ಅವಳ ಕೈಗೆ ಚುಚ್ಚದಿರಲೆಂದು. ಅವನ ಬೆರಳು ಮಾಡಿದ ಕೆಲಸದಲ್ಲಿ ಉಳಿದಿದ್ದು ಅಷ್ಟೇ.

"ಹಾಗೇ ತಗೊಂಡ್ಹೋಗ್ತೀನಿ," ಎಂದಳು. "ಅಲ್ಲಿ ಟ್ರಾಲಿ ಮೇಲಿನ ತಟ್ಟೆ ಬಿಚ್ಚಿಸ್ಕೊಂಡು ಬೇರೆ ತಟ್ಟೆ ಹಾಕಿಸ್ಕೊಡ್ತೀನಿ. ಗಂಟು ಯಾರೂ ಮುಟ್ಬೇಡಿ."

ಹೀಗೆ ಸೌರಮಂಡಲ ಬೀದಿಗೆ ಬಂತು. ಆಂಟಿ ಮುಂದೆ ದಾರಿ ಬಿಡಿಸುತ್ತ ನಡೆದರು. ಏಜೆಂಟರು ಎಳೆಗೂಸಿನ ತಲೆ ಹಿಡಿದ ಹಾಗೆ ಶನಿಗ್ರಹ ಹಿಡಿದು ಪಕ್ಕದಲ್ಲಿ. ಕ್ಷೌರದಂಗಡಿಯ ಇಳಿಜಾರಿನಲ್ಲಿ ಅವರಿಗೊಂದು ಫೋನು ಬಂತು. ಯಾರದೋ ಪಾಲಿಸಿ. ಅವರು ಕೈಬಿಟ್ಟರು, ಅವಳ ಕೈ ಜಾರಿತು, ಸೂರ್ಯ ಹೊರಟೇಬಿಟ್ಟ. ಗ್ರಹಗಳು ಅವನ ಸುತ್ತ ಹುಚ್ಚೆದ್ದು ಕುಣಿದವು. ಶನಿಯ ಬಳೆ, ಅಂಗಡಿ ಬಾಗಿಲಲ್ಲಿ ಕೂತು ಅರ್ಧ ಗಡ್ಡ ಬೋಳಿಸಿಕೊಂಡವನ ಹೊದಿಕೆಯನ್ನು ಎಳೆದುಕೊಂಡಿತು. ಆತನೂ ಹಿಂದೆ ಓಡಿದ. ವೃತ್ತದಲ್ಲಿ ಟ್ರಾಫಿಕ್ ಪೊಲೀಸಿನವನು ಬೂಟುಗಾಲು ಅಡ್ಡಕೊಟ್ಟು ನಿಲ್ಲಿಸಿದ.

"ಎಲ್ಲಿಗಮ್ಮ ಇದು?"

ಏದುಸಿರಿನಲ್ಲಿ ಅವಳ ಬಾಯಿಗೆ ಬಂದದ್ದು ಗಂಡನ ಮಾತೇ. "ಆಕಾಶಗಂಗೆ ಸುತ್ತ."

ಪೊಲೀಸಿನವನು ಒಂದು ಗಳಿಗೆ ಯೋಚಿಸಿದ. "ಸರಿ, ಎಡಗಡೆ ಹೋಗಿ."

ಆ ಓಟದಲ್ಲಿ ಗುಂಡಿ ಎಲ್ಲೋ ಹಾರಿಹೋಗಿತ್ತು. ಇಳಿಜಾರಿನ ಉದ್ದಕ್ಕೂ ಬಗ್ಗಿ ಬಗ್ಗಿ ಹುಡುಕಿದಳು. ಅರ್ಧ ಗಡ್ಡದವನೂ ಹುಡುಕಿದ. ಸಿಗಲಿಲ್ಲ.

ಕ್ಯಾಂಟೀನಿನಲ್ಲಿ ಎಲ್ಲರೂ ಟೀ ಲೋಟ ಹಿಡಿದು, ತುಟಿಯಿಂದ ಏನೋ ತೆಗೆದು ತೆಗೆದು ಒರೆಸಿಕೊಳ್ಳುತ್ತಿದ್ದರು. ಅವಳನ್ನು ಕಂಡು ಎದ್ದು ನಿಂತರು. ಕ್ಯಾಂಟೀನಿನ ಅಕ್ಕ ಟ್ರಾಲಿ ನೋಡಿ ಗಾಬರಿಯಾದಳು.

"ಇದನ್ನ ಯಾಕಮ್ಮ ತಂದೆ? ಗುಜರಿಗೆ ಹಾಕೋದನ್ನ ನಾನೇ ಅವ್ರಿಗೆ ಕೊಟ್ಟಿದ್ದು. ನಿಂದೇ ಇದು."

ಎಷ್ಟೋ ದಿನದ ಮೇಲೆ ಅವಳು ಎದೆತುಂಬ ಉಸಿರೆಳೆದಳು. ಟ್ರಾಲಿಯನ್ನು ಮನೆಯ ಕಡೆಗೆ ತಿರುಗಿಸಿಯೂ ಬಿಟ್ಟಳು. ಗುಮಾಸ್ತ ಕೆಮ್ಮಿದ. ಅಕ್ಕ ಅವನನ್ನು ನೋಡಿದಳು, ಅವನು ನೆಲ ನೋಡಿದ. ಕೊನೆಗೆ ಅಕ್ಕನೇ ಬೆರಳು ಚಾಚಿ ಸೂರ್ಯನ ಹಳದಿ ಕಾಗದವನ್ನು ಒಂದಿಷ್ಟು ಹರಿದಳು. ಒಳಗೆ ಸ್ಟೀಲು ಮಿನುಗಿತು. ಟೀ ಸೋಸುವ ದೊಡ್ಡ ಜಾಲರಿ.

"ಎರಡು ದಿನಕ್ಕೆ ಅಂತ ಒಯ್ದಿದ್ರು. ನಮ್ಮ ಹಂಡೆ ಅಳತೆಗೆ ಮಾಡಿಸಿದ್ದು ಕಣಮ್ಮ, ಬೇರೆದು ಕೂರಲ್ಲ. ಎಲ್ರೂ ಟೀ ಸೊಪ್ಪು ಅಗೀತಾ ಇದಾರೆ."

ತಂತಿಗಳೆಲ್ಲ ಹೋಗಿ ಸೇರಿದ್ದು ಅಲ್ಲಿಗೇ. ಯಾರೋ ಇಕ್ಕಳ ತಂದರು, ಬೇಡವೆಂದಳು. ನೆಲದ ಮೇಲೆ ಕೂತು ಮಡಚಿದ ತುದಿಗಳನ್ನು ಉಗುರಿನಿಂದ ಎಬ್ಬಿಸಿ, ಒಂದೊಂದಾಗಿ ಮೂರು ಸುತ್ತು ಬಿಚ್ಚಿದಳು. ಟೀ ಆರಿತು. ಯಾರೂ ಕುಡಿಯಲಿಲ್ಲ. ಜಾಲರಿಯ ಅಂಚಿನಲ್ಲಿ, ಒಣಗಿದ ಅಂಟಿನ ಮೇಲೆ, ಅವನ ಹೆಬ್ಬೆರಳಿನ ಗೆರೆಗಳು ಸ್ಪಷ್ಟವಾಗಿದ್ದವು.

"ಇದನ್ನ ತೊಳೀತೀರಾ?" ಎಂದು ಕೇಳಿದಳು.

ಚಾಚಿದ ಕೈಯನ್ನು ಅಕ್ಕ ಅಲ್ಲೇ ನಿಲ್ಲಿಸಿದಳು. "ತೊಳೀದೆ ಹೇಗಮ್ಮ ಸೋಸೋದು?"

ಅದೂ ನಿಜವೇ. ಇನ್ನೊಂದು ಗಳಿಗೆ ಹಿಡಿದುಕೊಂಡಿದ್ದು, ಕೊಟ್ಟಳು.