ಅಣ್ಣನಿಗೆ ಹೇಳದೆ ಬಿಟ್ಟ ಪುಟ

ಕೆಟ್ಟದಾಗಿ ಪಾಠ ಹೇಳುವ ಮಾಸ್ತರನಿಂದ ಲೋಕಕ್ಕೆ ದೊಡ್ಡ ಅಪಾಯವೇನೂ ಇಲ್ಲ. ಹುಡುಗರು ನಿದ್ದೆ ಮಾಡುತ್ತಾರೆ, ಗೈಡು ಕೊಳ್ಳುತ್ತಾರೆ, ಪಾಸಾಗುತ್ತಾರೆ. ಅಪಾಯವಿರುವುದು ಚೆನ್ನಾಗಿ ಹೇಳುವವನಿಂದ. ಅವನನ್ನು ಜನ ನಂಬಿಬಿಡುತ್ತಾರೆ. ಚಿತ್ತಾಪುರದ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ನಾನು, ವಿನಯಪೂರ್ವಕವಾಗಿ ಹೇಳುವುದಾದರೆ, ಬಹಳ ಚೆನ್ನಾಗಿ ಹೇಳುತ್ತಿದ್ದೆ. ಪರೀಕ್ಷೆಗೆ ಬಾರದ ಭಾಗವನ್ನು ಮಾತ್ರ ಬಿಡುತ್ತಿದ್ದೆ. ನಮ್ಮಲ್ಲಿ ಅದು ಸೋಮಾರಿತನವಲ್ಲ, ಸೇವೆ. ಪುಟದ ಅಂಚಿಗೆ ಪೆನ್ಸಿಲಿನಲ್ಲಿ 'ಬರುವುದಿಲ್ಲ' ಎಂದು ಬರೆದಿಡುವುದು. ವರ್ಷಗಳು ಕಳೆದಂತೆ ಆ ಪುಟಗಳು ಪ್ರಪಂಚದಲ್ಲೇ ಇಲ್ಲವೆಂಬ ನಂಬಿಕೆ ನನಗೂ ಬಂದಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಅಣ್ಣನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿತು. ಅಣ್ಣ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ, ನಿವೃತ್ತನಾಗಿ ವಾಡಿಯಲ್ಲೇ ಉಳಿದವನು. ಹೈದರಾಬಾದಿಗೆ ಹೋಗಿ ಚೂರು ತೆಗೆಸಿ ಪರೀಕ್ಷೆ ಮಾಡಿಸಿ ಎಂದು ಶಹಾಬಾದಿನ ಡಾಕ್ಟರು ಚೀಟಿ ಬರೆದುಕೊಟ್ಟರೆ, ಅದನ್ನು ಪಂಚಾಂಗದೊಳಗಿಟ್ಟು ಕೈತೊಳೆದುಕೊಂಡ. ಅತ್ತಿಗೆ, ನಮ್ಮ ಕಡೆಯ ಮಾತಿನಲ್ಲಿ ವೈನಿ, ನನ್ನನ್ನು ಕರೆಸಿದರು. "ಶೀನಪ್ಪ, ನೀವರ ಒಂದು ಮಾತು ಹೇಳ್ರಿ. ಹೆದರಸಬ್ಯಾಡ್ರಿ ಮತ್ತ, ಮೊದಲ ಅಂಜುಬುರಕ ಮನಿಷ್ಯಾ."

ಹೆದರಿಸದೆ ಒಪ್ಪಿಸಲು ನನಗೆ ಗೊತ್ತಿದ್ದ ದಾರಿ ಒಂದೇ, ಪಾಠ. "ಅಣ್ಣಾ, ಮೈಯಾಗಿನ ಹೆಚ್ಚುಕಡಿಮಿ ಪ್ರತಿಯೊಂದು ಜೀವಕೋಶ ತನ್ನೊಳಗ ತಯಾರಾದ ಪ್ರೋಟೀನಿನ ಚೂರು ತಂದು ಬಾಗಲದಾಗ ತಾಟಿನ್ಯಾಗ ಇಟ್ಟು ತೋರಸ್ತದ. ಟಿ-ಕೋಶ ಅಂತ ಇರ್ತಾವ, ಅವು ಮನಿ ಮನಿ ತಿರುಗಿ ಮುಟ್ಟಿ ನೋಡ್ತಾವ. ಮುಟ್ಟೋ ಕೈಗೆ ಗ್ರಾಹಕ ಅಂತಾರ. ಚೂರೂ ತಾಟಿನ ಅಂಚೂ ಎರಡೂ ಕೂಡೇ ಕೈಗೆ ಹೊಂದಬೇಕು. ಎಂಟೊಂಬತ್ತು ಮಣಿ ಪೋಣಿಸಿದಂಥಾ ಚೂರು. ಗಡ್ಡಿಯೊಳಗಿನ ಕೋಶದಾಗ ಒಂದ ಮಣಿ ಬದಲಾಗಿದ್ರೂ ಹಿಡೀಬಲ್ಲವು."

ಅಣ್ಣ ನೆಟ್ಟಗೆ ಕುಳಿತ. "ಅಂದ್ರ ಚೆಕಿಂಗ್ ಅನ್ನು! ಮತ್ತ ಮನೀ ಮಂದೀನ್ನ ಹಿಡಿಯೂದಿಲ್ಲೇನು?"

"ಮೊದಲ ಎದೀಯಾಗಿನ ಒಂದು ಗ್ರಂಥಿಯೊಳಗ ತಾಲೀಮು ಆಗಿರ್ತದ. ಮನೀಯವರ ಮ್ಯಾಲೆ ಬೀಳೂವಂಥಾವನ್ನ ಭಾಳ ಮಟ್ಟಿಗೆ ಅಲ್ಲೇ ಮುಗಿಸ್ತಾರ."

"ನಮ್ಮ ಇಲಾಖೆಕಿಂತ ಕಡಕ್ ಅದ ಬಿಡು."

ಮುಂದಿನ ಪುಟ ತಿರುವಬೇಕಾದದ್ದು ಆಗ. ಗಡ್ಡೆಯ ಕೋಶಗಳಲ್ಲಿ ಕೆಲವು ತಾಟು ಹೊರಗಿಡುವುದನ್ನೇ ನಿಲ್ಲಿಸುತ್ತವೆ. ಕೆಲವು, ಬಂದ ತಪಾಸಣೆಗಾರನನ್ನೇ ಮಂಕು ಮಾಡಿ ಕೂರಿಸುತ್ತವೆ. ಆದರೆ ಆ ಪುಟ ಪರೀಕ್ಷೆಗೆ ಬರುವುದಿಲ್ಲವಲ್ಲ! ಅಷ್ಟರಲ್ಲಿ ವೈನಿ ಅವಲಕ್ಕಿ ತಂದರು, ತರಗತಿ ಮುಗಿಯಿತು. ಹೈದರಾಬಾದಿಗೆ ಹೋಗು ಎಂಬ ಮಾತನ್ನು ಹೇಳಲೆಂದೇ ಬಂದಿದ್ದೆನೆಂಬುದು ಬಸ್ಸಿನಲ್ಲಿ ಕೂತ ಮೇಲೆ ನೆನಪಾಯಿತು. ಇಷ್ಟು ತಿಳಿದ ಮೇಲೆ ಅವನೇ ಹೋಗುತ್ತಾನೆ ಬಿಡು, ಎಂದುಕೊಂಡೆ.

ಪರೀಕ್ಷೆ, ಪೇಪರು ತಿದ್ದುವುದು ಎಂದು ಎರಡು ತಿಂಗಳು ಗುಲ್ಬರ್ಗದಲ್ಲಿ ಕಳೆದು ಬಂದು ನೋಡಿದರೆ ಅಣ್ಣ ಮನೆಯ ಕಟ್ಟೆಯ ಮೇಲೇ ಇದ್ದ. ಗಂಟು ಎರಡಾಗಿದ್ದವು. ವೈನಿ ಸೆರಗಿನಲ್ಲಿ ಕಣ್ಣೊರೆಸುತ್ತ ಹೇಳಿದರು, "ಕೇಳಿದಾಗೊಮ್ಮೆ 'ಒಳಗ ಚೆಕಿಂಗ್ ನಡದದ, ಶೀನ್ಯಾ ಹೇಳ್ಯಾನ' ಅಂತಾರ. ಏನು ಹೇಳೀರಿ ನೀವು?"

ನಿಂತ ಕಾಲಲ್ಲೇ ಉಳಿದ ಪುಟ ಹೇಳಿದೆ. ಅಣ್ಣ ಸಿಟ್ಟಾಗಲಿಲ್ಲ. ಕುತ್ತಿಗೆ ಸವರಿಕೊಳ್ಳುತ್ತ, "ಮೂವತ್ತು ವರ್ಷ ಗಾಡ್ಯಾಗ ತಿರುಗೀನಲ್ಲೋ. ಟಿಕೆಟ್ ಇಲ್ಲದಂವ ಬಾಗಲದಾಗ ನಿಂತು ಕೈ ಮಾಡ್ತಾನೇನು? ಸಂಡಾಸದಾಗ ಚಿಲಕ ಹಾಕ್ಕೊಂಡು ಕುಂದರ್ತಾನ. ನನಗರ ತಿಳೀಬೇಕಿತ್ತು" ಎಂದ.

ಆ ವಾರವೇ ಅವನನ್ನು ಹೈದರಾಬಾದಿಗೆ ಕರೆದೊಯ್ದೆ. ಆ ವರ್ಷದ ದೀಪಾವಳಿ ಅವನು ಕಾಣಲಿಲ್ಲ. ಆದರೆ ನನ್ನನ್ನು ಈಗಲೂ ಬಿಡದಿರುವುದು ಹೈದರಾಬಾದಿನ ಆಸ್ಪತ್ರೆಯ ಆ ಕೋಣೆ. ರಿಪೋರ್ಟು ನೋಡಿದ ಡಾಕ್ಟರು ಕನ್ನಡಕ ತೆಗೆದಿಟ್ಟು, ಇಷ್ಟು ದಿನ ಏನು ಮಾಡುತ್ತಿದ್ದಿರಿ, ಮನೆಯಲ್ಲಿ ಓದಿದವರು ಯಾರೂ ಇಲ್ಲವೇ, ಯಾರೂ ತಿಳಿಸಿ ಹೇಳಲಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಣ್ಣ, ರೈಲಿನಲ್ಲಿ ಕಲಿತ ತನ್ನ ಹಿಂದಿಯಲ್ಲಿ, ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದ: ಇವನು ನನ್ನ ತಮ್ಮ, ಪ್ರೊಫೆಸರು. ಎಲ್ಲವನ್ನೂ ಬಹಳ ಚೆನ್ನಾಗಿ ತಿಳಿಸಿ ಹೇಳಿದ್ದ. ನಾನೇ ದಡ್ಡ, ಕೇಳಲಿಲ್ಲ.

ಡಾಕ್ಟರು ನನ್ನ ಕಡೆ ತಿರುಗಿ, ಗೌರವದಿಂದ ತಲೆ ಬಾಗಿಸಿದರು. ನಾನು ಎದ್ದು ನಿಂತು ನಮಸ್ಕಾರ ಮಾಡಿದೆ.