ಕಾಲು ತೊಳೀರಿ, ಒರಸಬ್ಯಾಡ್ರಿ

ನನ್ನ ಸೋದರಮಾವನಿಗೆ ಹುಚ್ಚು ಎಂದು ಯಾರಾದರೂ ಹೇಳಿದರೆ ನಾನು ಜಗಳಕ್ಕೆ ನಿಲ್ಲುವುದಿಲ್ಲ. ಅರೆಹುಚ್ಚೋ, ಪೂರಾ ಹುಚ್ಚೋ ಎಂದಷ್ಟೇ ಕೇಳುತ್ತೇನೆ. ಯಾಕೆಂದರೆ ಆ ವಿಷಯದಲ್ಲಿ ನನಗೇ ಗೊಂದಲ! ಮನೆಯ ಟವೆಲ್ಲುಗಳನ್ನೆಲ್ಲ ಟ್ರಂಕಿನಲ್ಲಿಟ್ಟು ಕೀಲಿ ಹಾಕಿ, ಬಂದ ಬೀಗರು ನೆಂಟರನ್ನು ಹೊಸ್ತಿಲ ಮೇಲೆ ತೊಟ್ಟಿಕ್ಕುವ ಕಾಲಲ್ಲಿ ನಿಲ್ಲಿಸುವ ಮನುಷ್ಯನನ್ನು ನೀವಾದರೂ ಯಾವ ಗುಂಪಿಗೆ ಸೇರಿಸುತ್ತೀರಿ?

ಮಾವನ ಮನೆ ಖಾನಾಪುರದಲ್ಲಿ, ಕೆಲಸ ಬೆಳಗಾವಿಯ ಒಂದು ಟಾಕೀಜಿನಲ್ಲಿ. ಪರದೆಯ ಮೇಲೆ ಸಿನಿಮಾ ಬಿಡುವ ಆಪರೇಟರ್. ದಿನಾ ಬಸ್ಸು ಹಿಡಿದು ಬಂದು, ಊರೆಲ್ಲ ನೋಡುವ ಸಿನಿಮಾವನ್ನು ಒಂದು ಕಿಂಡಿಯಿಂದ ನೋಡಿ ಹೋಗುತ್ತಿದ್ದ. ನಾವಿದ್ದದ್ದು ಬೆಳಗಾವಿಯಲ್ಲೇ. ನಾನಾಗ ಕಾಲೇಜು ಓದುತ್ತಿದ್ದೆ. ಎಪ್ಪತ್ತರ ದಶಕ ಮುಗಿದು ಎಂಬತ್ತು ಶುರುವಾಗುತ್ತಿದ್ದ ಕಾಲ.

ಆ ವರ್ಷದ ಪಂಚಮಿಗೆ ನಮ್ಮವ್ವ ತವರಿಗೆಂದು ಖಾನಾಪುರಕ್ಕೆ ಹೋದವಳು ಅದೇ ಬಸ್ಸಿಗೆ ತಿರುಗಿ ಬಂದುಬಿಟ್ಟಳು. ಕೈಯಲ್ಲಿ ಉಂಡಿ ಡಬ್ಬಿ ಹಾಗೇ ಇತ್ತು. ನಡೆದದ್ದು ಇಷ್ಟು: ಮಾವ ಮನೆಯಲ್ಲಿರಲಿಲ್ಲ. ಅವ್ವ ಕಾಲು ತೊಳೆದು ಹೊಸ್ತಿಲಲ್ಲಿ ನಿಂತು ಮೂರು ಸಲ ಕರೆದಳು. ನೇರ ಒಳಗೆ ಅಡುಗೆಮನೆಯಲ್ಲಿ, ಬೆನ್ನು ಹಾಕಿ ಕುಳಿತ ಅತ್ತೆ ಜೋಳದ ಅಳ್ಳು ಹುರಿಯುತ್ತಲೇ ಇದ್ದಳು. ತಿರುಗಿ ನೋಡಲಿಲ್ಲ, ಬರ್ರಿ ಅನ್ನಲಿಲ್ಲ. ನಮ್ಮ ಕಡೆ ವೈರಿ ಬಂದರೂ 'ಬರ್ರಿ, ಕುಂದರ್ರಿ' ಅಂದ ಮೇಲೇ ಜಗಳ ಶುರು. ಅಪ್ಪ ಅಮ್ಮ ಇಲ್ಲದ ಮೇಲೆ ಆ ಹೊಸ್ತಿಲೊಂದೇ ಅವ್ವನಿಗೆ ಉಳಿದಿದ್ದ ತವರು. ಅದೂ ಬಾ ಅನ್ನದಿದ್ದರೆ? ಅಕಿ ತಾನಾಗಿ ಬಾಗಿಲಿಗೆ ಬಂದು ಬರ್ರಿ ಅನ್ನುವವರೆಗೂ ಆ ಮನೆ ಮೆಟ್ಟುವುದಿಲ್ಲ ಎಂದು ಅವ್ವ ಹಟ ಹಿಡಿದಳು. ತಮ್ಮನೇ ಅವಳ ಕೈ ಹಿಡಿದು ಕರೆತಂದು ಅನ್ನಿಸಿದರೆ ಅದು ನಡೆಯುವುದಿಲ್ಲ ಎಂದೂ ಸೇರಿಸಿದಳು.

ಮಾವನಿಗೆ ಹುಚ್ಚು ಹಿಡಿದದ್ದು ಅದಾದ ಮೇಲೆಯೇ. ಅಕ್ಕ ಮುನಿಸಿಕೊಂಡರೆ ತಮ್ಮನಾದವನು ಸೀರೆ ತರಬೇಕು, ಕಾಲಿಗೆ ಬೀಳಬೇಕು. ಈ ಮಹಾರಾಯ ಹಳೇ ಪ್ರೊಜೆಕ್ಟರಿನ ಗುಜರಿ ಸಾಮಾನು ತಂದ! ಸುದ್ದಿ ಕೇಳಿ ಅವ್ವ ನನ್ನನ್ನು ಗೂಢಚಾರಿಣಿಯನ್ನಾಗಿ ಖಾನಾಪುರಕ್ಕೆ ಕಳಿಸಿದಳು.

ನಾನು ಕಂಡದ್ದನ್ನು ಕಂಡಂತೆಯೇ ಹೇಳುತ್ತೇನೆ. ಸಿನಿಮಾ ಯಂತ್ರದಲ್ಲಿ ಬೆಳಕು ಬಿದ್ದರೆ ಎಚ್ಚರಾಗುವ ಒಂದು ಗಾಜಿನ ಕಣ್ಣು ಇರುತ್ತದಂತೆ. ಅದನ್ನು ಮಾವ ಬಾಗಿಲ ಚೌಕಟ್ಟಿನಲ್ಲಿ ಕೂರಿಸಿದ್ದ. ಎದುರಿಗೊಂದು ಸಣ್ಣ ದೀಪ. ಯಾರಾದರೂ ನಡುವೆ ಹಾಯ್ದು ಬೆಳಕು ತಡೆದರೆ ಒಳಗಿನ ಪೆಟ್ಟಿಗೆ 'ಟಕ್' ಎನ್ನುತ್ತಿತ್ತು. ಆಗ ಪಡಸಾಲೆಯಲ್ಲಿ ವನಸ್ಪತಿ ಡಬ್ಬಿ ಕೊರೆದು ಮಾಡಿದ ಲಾಟೀನು ಹತ್ತಿ, ಟಾಕೀಜಿನಲ್ಲಿ ಬಳಸಿ ಬಿಟ್ಟ ಗಾಜಿನ ಸ್ಲೈಡು ಗೋಡೆ ತುಂಬ ಮೂಡುತ್ತಿತ್ತು. ನನ್ನನ್ನು ಸ್ವಾಗತಿಸಿದ್ದು ಆಳೆತ್ತರದ ಅಕ್ಷರಗಳು: 'ಧೂಮಪಾನ ಮಾಡಬಾರದು.' ಬಚ್ಚಲಿನ ಬಾಗಿಲು ತೆರೆದರೆ 'ವಿಶ್ರಾಂತಿ'. ಊಟಕ್ಕೆ ಮಣೆಯ ಮೇಲೆ ಕುಳಿತರೆ, ಇನ್ನೂ ತುತ್ತೆತ್ತಿಲ್ಲ, ಎದುರಿಗೆ 'ಶುಭಂ'! ಊಟ ಮಾಡಬೇಕೋ ಎದ್ದು ಹೋಗಬೇಕೋ ತಿಳಿಯದೆ ನಾನು ಅತ್ತೆಯ ಮುಖ ನೋಡಿದೆ. ಅತ್ತೆ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಇತ್ತೀಚೆಗೆ ಅವಳದು ಅದೊಂದು ಚಾಳಿಯಾಗಿತ್ತು. ಹಲ್ಲಿಗೆ ಕೊತ್ತಂಬರಿ ಸಿಕ್ಕಿಕೊಂಡಿರಬೇಕೆಂದು ನಾನು ಎರಡು ಸಲ ಬಾಯಿ ಮುಕ್ಕಳಿಸಿ ಬಂದೆ.

ಓಣಿಯ ಹಿರಿಯರೊಬ್ಬರು ಕಿವಿಯ ಸಂದಿಯಲ್ಲಿ ಬೀಡಿ ಸಿಕ್ಕಿಸಿಕೊಂಡು ಒಳಗೆ ಕಾಲಿಟ್ಟವರು ಗೋಡೆಯ ಬರಹ ಕಂಡು ಹಿಂದೆ ಸರಿದರು. ಬೆಳಕು ಆರಿತು. ಬೀಡಿಯನ್ನು ಹೊರಗೆ ಎಸೆದು ಬಂದರೂ ಮತ್ತೆ ಅದೇ ಬರಹ. ಅಂಗಿಯ ಕಿಸೆಯಲ್ಲಿದ್ದ ಕಟ್ಟನ್ನೂ ಎಸೆದು ಬಂದರು. ಮತ್ತೆ ಅದೇ! 'ಇನ್ನ ಬಿಟ್ಟೇ ಬಿಡ್ತೀನಪಾ' ಎಂದು ಗೋಡೆಗೆ ಕೈ ಮುಗಿದರಂತೆ. ಬಿಟ್ಟರೋ ಇಲ್ಲವೋ, ಆ ಮನೆಯ ಮುಂದೆ ಮಾತ್ರ ಮತ್ತೆಂದೂ ಸೇದಲಿಲ್ಲ.

ಅಡುಗೆಮನೆಯ ಏರ್ಪಾಡು ಇನ್ನೂ ವಿಚಿತ್ರ. ಅಲ್ಲಿ ಒಂದು ಕರೆಗಂಟೆ ಇತ್ತು. ಆದರೆ ಅದರ ಬಟ್ಟಲನ್ನು ಬಿಚ್ಚಿ ಎಸೆದಿದ್ದ! ಬಡಿಯುವ ಸುತ್ತಿಗೆ ಮಾತ್ರ ಉಳಿದಿತ್ತು. ಬಾಗಿಲ ಬೆಳಕು ತಡೆದಾಗಲೆಲ್ಲ ಅದು ಹೋಗಿ ತಟ್ಟುತ್ತಿದ್ದದ್ದು ನೀರು ತುಂಬಿದ ಗಾಜಿನ ಬೋಗುಣಿಗೆ. ನೀರು ನಡುಗಿದರೆ, ಹಿಂದಿನ ದೀಪದ ಬೆಳಕು ಒಲೆಯ ಮೇಲಿನ ಗೋಡೆಯಲ್ಲೆಲ್ಲ ಅಲೆಅಲೆಯಾಗಿ ಕುಣಿಯುತ್ತಿತ್ತು. ಹೊಗೆಗೆ ಕಪ್ಪಾಗುವ ಆ ಗೋಡೆಗೆ ಮಾವ ಅಮಾವಾಸ್ಯೆಗೊಮ್ಮೆ ತಾನೇ ಸುಣ್ಣ ಹಚ್ಚುತ್ತಿದ್ದ. ಒಲೆಯ ಹಿಂದಿನ ಗೋಡೆಗೆ ಯಾರಾದರೂ ತಿಂಗಳಿಗೊಮ್ಮೆ ಸುಣ್ಣ ಬಳಿಯುತ್ತಾರೆಯೇ? ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಸುಮ್ಮನೆ ಗಂಟೆ ಬಾರಿಸಿದರೆ ಆಗದೇನು ಎಂದು ನಾನು ಕೇಳಿದೆ.

"ಗಂಟಿ ಎಲ್ಲಾರ ಮನ್ಯಾಗೂ ಐತಿ, ಮಗಳ" ಅಂದ ಮಾವ. "ನೀರು ಕುಣಿಯೂ ಗ್ವಾಡಿ ಎಲ್ಲೈತಿ ಹೇಳು?"



ಗಾಜಿನ ಕಣ್ಣು ಬಹಳ ದಿನ ಬಾಳಲಿಲ್ಲ. ಅದಕ್ಕೆ ಬೀಗರು, ಬೆಕ್ಕು ಎಲ್ಲ ಒಂದೇ. ಬೆಕ್ಕು ಹಾಯ್ದರೂ ಗೋಡೆ ಕುಣಿಯುತ್ತಿತ್ತು, ಗೋಡೆ ಕುಣಿದರೆ ಅತ್ತೆ ಸೆರಗು ಸರಿಪಡಿಸಿಕೊಂಡು ಓಡಿ ಬರುತ್ತಿದ್ದಳು. ನನ್ನ ಕಣ್ಣೆದುರಿಗೇ, ಕೈಯಲ್ಲಿ ಹಿಟ್ಟು ಮೆತ್ತಿದವಳು ನಗುನಗುತ್ತ ಬಂದು, "ಬರ್ರಿ, ಕುಂದರ್ರಿ" ಅಂದಳು. ಎದುರಿಗಿದ್ದದ್ದು ಬೆಕ್ಕು! ಅದೂ ಮರ್ಯಾದೆಸ್ಥ ಬೆಕ್ಕು, ಕುಳಿತೇಬಿಟ್ಟಿತು.

ಬೆಳಗಾವಿಗೆ ಬಂದು ಇದನ್ನು ನಗುತ್ತ ವರದಿ ಮಾಡಿದೆನಲ್ಲ, ಅದೇ ನಾನು ಮಾಡಿದ ದೊಡ್ಡ ತಪ್ಪು. ಅವ್ವ ನಗಲಿಲ್ಲ. ಹೆಚ್ಚುತ್ತಿದ್ದ ಬದನೆಕಾಯಿಯನ್ನು ಕೆಳಗಿಟ್ಟಳು.

"ಬೆಕ್ಕಿಗೆ ಬರ್ರಿ ಅಂತಾಳ. ನನಗ ಅನ್ನಾಕ ಬಾಯಿ ಬರಲಿಲ್ಲ" ಅಂದಳು.

ಮರು ಪಂಚಮಿಗೆ ಮಾವ ಕರೆಯಲು ಬಂದ, ಅವ್ವ ಹೋಗಲಿಲ್ಲ. ಅದರ ಮರು ವರ್ಷವೂ ಬಂದ, ಆಗಲೂ ಹೋಗಲಿಲ್ಲ. ನಾಗಪ್ಪನಿಗೆ ಹಾಲೆರೆಯುವಾಗ ತವರಿನ ಪಾಲು ಎಂದು ಹೆಸರು ಹೇಳಿ ಎರೆದು, ಒಳಗೆ ಹೋಗಿ ಕದ ಮುಂದೆ ಮಾಡಿಕೊಂಡು ಅಳುತ್ತಿದ್ದಳು. ನನಗೆ ಅವಳ ಮೇಲೆ ಸಿಟ್ಟೂ ಬರುತ್ತಿತ್ತು, ಅತ್ತೆಯ ಮೇಲೆ ಅದಕ್ಕಿಂತ ಹೆಚ್ಚು ಬರುತ್ತಿತ್ತು.

ಇತ್ತ ಮಾವ ಗಾಜಿನ ಕಣ್ಣು ಕಿತ್ತು, ಹೊಸ್ತಿಲ ಕಲ್ಲಿನ ಮೇಲೆ ಎರಡು ತಾಮ್ರದ ಪಟ್ಟಿ ಕೂರಿಸಿದ. ಒಂದೊಂದು ಪಟ್ಟಿಯ ಮೇಲೆ ಒಂದೊಂದು ಒದ್ದೆ ಕಾಲು ಬಿದ್ದರೆ ಮಾತ್ರ ಪೆಟ್ಟಿಗೆ ಟಕ್ ಎನ್ನಬೇಕು. ಬ್ಯಾಟರಿಯ ಕರೆಂಟು, ಮನುಷ್ಯನಿಗೆ ಏನೂ ಆಗುವುದಿಲ್ಲ. ಬೀಗರು ಬಂದರೆ ತಂಬಿಗೆ ನೀರು ಕೊಡುವುದು, ಅವರು ಕಾಲು ತೊಳೆದು ಒಳಗೆ ಬರುವುದು ನಮ್ಮಲ್ಲಿ ಇದ್ದದ್ದೇ. ಬೆಕ್ಕಿಗೆ ಆ ರೂಢಿ ಇಲ್ಲವಲ್ಲ! ಲೆಕ್ಕಾಚಾರವೇನೋ ಸರಿ. ಆದರೆ ಕಾಲು ತೊಳೆದವರು ಒರೆಸಿಕೊಳ್ಳುತ್ತಾರೆಂಬುದು ಮಾವನಿಗೆ ಹೊಳೆದಿರಲಿಲ್ಲ. ಅದಕ್ಕೇ ಟವೆಲ್ಲುಗಳಿಗೆ ಟ್ರಂಕಿನ ವಾಸ! ಬೂಟು ಹಾಕಿಕೊಂಡು ಬಂದವರಿಗಂತೂ ಬಿಡುಗಡೆಯೇ ಇರಲಿಲ್ಲ. ಬೂಟು ಬಿಚ್ಚಿಸಿ, ಮೋಜಾ ಕಳಚಿಸಿ, ನೀರು ಹಾಕಿ, ಕಪ್ಪೆಯಂತೆ ಕಾಲಗಲಿಸಿ ನಿಲ್ಲಿಸಿ, ಅಡುಗೆಮನೆಯ ಕಡೆಗೇ ನೋಡುತ್ತ ಉಸಿರು ಬಿಗಿಹಿಡಿಯುತ್ತಿದ್ದ. ಅತ್ತೆ ಹೊರಗೆ ಬಂದು ಬರ್ರಿ ಅಂದ ಮೇಲೆಯೇ ಉಸಿರು ಬಿಡುವುದು. ಹೆಂಡತಿಯ ಬಾಯಿಂದ ಬರ್ರಿ ಕೇಳಲು ಇಷ್ಟು ಕಷ್ಟಪಡುವ ಗಂಡನನ್ನು ನಾನಂತೂ ಬೇರೆ ನೋಡಿಲ್ಲ.

ಮೂರನೆಯ ಸಲ ಕರೆಯಲು ಬಂದಾಗ ಮಾವ ಸೀದಾ ಅವ್ವನ ಎದುರಿಗೆ ನೆಲದ ಮೇಲೆ ಕುಳಿತ. "ಅಕಿ ತಾನಾಗೇ ಬಂದು ಕರೀತಾಳ, ಅಕ್ಕಾ. ಕಾಲು ತೊಳ್ಕೊಂಡು ಹೊಸ್ತಿಲ ಮ್ಯಾಲೆ ನಿಂದ್ರು. ಒರಸಬ್ಯಾಡ, ಅಷ್ಟ."

ಅವ್ವ ಏನು ನೆನೆದಳೋ, ಉಂಡಿ ಡಬ್ಬಿ ನನ್ನ ಕೈಗೆ ಕೊಟ್ಟು ಹೊರಟೇಬಿಟ್ಟಳು.

ಖಾನಾಪುರದಲ್ಲಿ ನಾಲ್ಕು ದಿನದ ಜಿಟಿಜಿಟಿ ಬಿಟ್ಟು ಬೆಳಗಿನ ಬಿಸಿಲು ಬಿದ್ದಿತ್ತು. ಮಾವ ತಾನೇ ತಂಬಿಗೆ ನೀರು ತಂದ. ಅವ್ವ ಕಾಲು ತೊಳೆದು, ಎರಡು ಪಟ್ಟಿಗಳ ಮೇಲೆ ಎರಡು ಕಾಲಿಟ್ಟು ನಿಂತಳು. ಪೆಟ್ಟಿಗೆ ಟಕ್ ಎಂದಿತು. ಗೋಡೆ ಮಾತ್ರ ಬೆಳಗಲಿಲ್ಲ. ಮಾವ ಮೇಲೆ ನೋಡಿದ. ಊರಿನ ಕರೆಂಟು ಹೋಗಿತ್ತು!

ಒಳಗೆ ಅತ್ತೆ ಬೆನ್ನು ಹಾಕಿ ಅಳ್ಳು ಹುರಿಯುತ್ತಿದ್ದಳು. ಅವ್ವ ಕರೆದಳು. ಇನ್ನೊಮ್ಮೆ ಕರೆದಳು. ನಾನೂ ಕೂಗಿದೆ. ಅತ್ತೆ ತಿರುಗಲಿಲ್ಲ. ಅವ್ವ ಒಂದು ಕಾಲು ಹಿಂದಕ್ಕೆ ತೆಗೆದಳು.

ಮಾವ ನನ್ನ ಕೈಯ ಡಬ್ಬಿಯ ಮುಚ್ಚಳ ಕಿತ್ತುಕೊಂಡ. ತಂಬಿಗೆಯಲ್ಲಿ ಉಳಿದ ನೀರನ್ನು ಅದಕ್ಕೆ ಸುರಿದು, ಬಾಗಿಲ ಬಿಸಿಲಿಗೆ ಹಿಡಿದ. ಅವನ ಕೈ ಎಷ್ಟು ನಡುಗುತ್ತಿತ್ತೆಂದರೆ ಬೇರೆ ಯಂತ್ರವೇ ಬೇಕಿರಲಿಲ್ಲ. ಒಲೆಯ ಮೇಲಿನ ಬಿಳಿ ಗೋಡೆಯ ತುಂಬ ಬೆಳಕು ಕುಣಿಯಿತು.

ಅತ್ತೆ ತಲೆ ಎತ್ತಿದಳು, ತಿರುಗಿದಳು. ಅವ್ವನನ್ನು ಕಂಡವಳೇ ಸೌಟು ಬಿಟ್ಟು ಓಡಿ ಬಂದಳು.

"ಬರ್ರಿ ಅಕ್ಕಾರ. ಬರ್ರಿ, ಬರ್ರಿ."

ಬಟ್ಟಲಿಲ್ಲದ ಗಂಟೆ, ಸುಣ್ಣದ ಗೋಡೆ, ನನ್ನ ಬಾಯಿಯನ್ನೇ ನೋಡುವ ಆ ಕಣ್ಣು, ಎಲ್ಲ ನನಗೆ ಒಮ್ಮೆಗೇ ಅರ್ಥವಾಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಮಾವ ಕೊನೆಗೂ ಬಾಯಿಬಿಟ್ಟ: ಅವ್ವ ತಿರುಗಿ ಹೋದ ಆ ಪಂಚಮಿಯ ಮುಂಚೆ ಬಂದ ಜ್ವರ ಅತ್ತೆಯ ಎರಡೂ ಕಿವಿಗಳನ್ನು ಒಯ್ದಿತ್ತು. ಅವಳು ಅದನ್ನು ಗಂಡನೊಬ್ಬನಿಗೇ ಹೇಳಿದ್ದಳು.

ಯಾಕೆ ಹೇಳಲಿಲ್ಲ ಎಂದು ಅವ್ವ ಮಾವನ ರಟ್ಟೆ ಹಿಡಿದು ಕೇಳಿದಳು.

"ಯಾರಿಗೂ ಹೇಳಬಾರದಂತ ಆಣಿ ಹಾಕಿಸಿದ್ಳು, ಅಕ್ಕಾ. ಮಂದಿ ಅಕಿಗೆ ಕಿವುಡಿ ಅನ್ನೂಕಿಂತ ನನಗ ಹುಚ್ಚ ಅನ್ನಲಿ ಬಿಡು ಅಂತ ಮಾಡಿದೆ."

ಅವ್ವ ಅತ್ತೆಯ ಕೈ ಹಿಡಿದುಕೊಂಡು ಒಲೆಯ ಮುಂದೆ ಅವಳ ಪಕ್ಕಕ್ಕೇ ಕುಳಿತಳು. ನಾವು ಊಟಕ್ಕೆ ಮಣೆ ಹಾಕಿ ಕುಳಿತಾಗ ಕರೆಂಟು ಬಂತು, ಎದುರಿಗೆ 'ಶುಭಂ' ಮೂಡಿತು. ಅವ್ವ ತಟ್ಟನೆ ಎದ್ದಳು. ಎಲ್ಲಿಗೆ ಎಂದು ನಾವು ಗಾಬರಿಯಾದೆವು.

ಅವಳು ಅಂಗಳಕ್ಕೆ ಹೋಗಿ ಕಾಲಿಗೆ ನೀರು ಹಾಕಿಕೊಂಡು ಬಂದು ಪಟ್ಟಿಗಳ ಮೇಲೆ ನಿಂತಳು. ಒಳಗೆ ಗೋಡೆ ಕುಣಿಯಿತು. ಅತ್ತೆ ಹೊರಗೆ ಬಂದು ಬರ್ರಿ ಅಕ್ಕಾರ ಅಂದಳು. ಅವ್ವ ಮತ್ತೆ ಅಂಗಳಕ್ಕೆ ಹೋದಳು, ಮತ್ತೆ ಬಂದು ನಿಂತಳು, ಅತ್ತೆ ಮತ್ತೆ ಕರೆದಳು. ಹೀಗೆ ಮೂರು ಸಲ. ಬಾಗಿಲಿನಿಂದ ತಿರುಗಿ ಹೋದ ಪಂಚಮಿ ಒಂದು, ಬಾರದೆ ಕಳೆದವು ಎರಡು.

ಮೂರನೆಯ ಸಲ ಒಳಗೆ ಬಂದಾಗ ಅವ್ವನ ಕಾಲಷ್ಟೇ ಅಲ್ಲ, ಕಣ್ಣೂ ಒದ್ದೆಯಾಗಿದ್ದವು. ಮಾವ ಟ್ರಂಕಿನ ಕೀಲಿ ತೆಗೆದು, ಅವಳಿಗೊಂದು ಟವೆಲ್ಲು ತಂದುಕೊಟ್ಟ.